ಡಾಬು ತೊಟ್ಟ ತೋಟಾ

ಮದುವೆಯ ಮನೆಯಲ್ಲಿ ಹಿರಿಯ ಮುತ್ತೈದೆಯರ ನಡುವಿನಲ್ಲಿ ಮಿನುಗುವ ಡಾಬನ್ನು ಕಾಣದವರಿಲ್ಲ. ಸೀರೆಯ ನೆರಿಗೆ ಜಾರದಂತೆ ಬಿಗಿಹಿಡಿಯುವುದು ಅದರ ಒಂದು ಕೆಲಸ. ತೊಟ್ಟವರಿಗೆ ಶೋಭೆ ತರುವುದು ಇನ್ನೊಂದು. ಈಗಿನ ಕಾಲದಲ್ಲಿ ಮೊದಲನೆಯ ಕೆಲಸವನ್ನು ಒಳಲಂಗದ ಲಾಡಿಯೂ ಒಂದೆರಡು ಪಿನ್ನುಗಳೂ ಮಾಡುತ್ತವೆ. ಡಾಬು ಶೋಭೆಗಷ್ಟೇ ಉಳಿದಿದೆ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಲಾಡಿ ಸಡಿಲವಾಗಿರುವುದನ್ನು ನೋಡಿಕೊಳ್ಳದೆ, ಡಾಬು ಇದೆಯಲ್ಲ ಎಂಬ ಧೈರ್ಯದಿಂದ ನಾಲ್ಕು ಜನರ ನಡುವೆ ಹೆಜ್ಜೆಯಿಟ್ಟರೆ ಏನಾದೀತು?

ಇದೇ ಪ್ರಶ್ನೆ ಬೇರೊಂದು ಲೋಕದಲ್ಲಿಯೂ ಇದೆ. ಅಲ್ಲಿ ಡಾಬು ತೊಟ್ಟಿರುವುದು ಗೃಹಿಣಿಯಲ್ಲ, ರೈಫಲ್ಲಿನ ತೋಟಾ. ಅಲ್ಲಿ ಮೋಸಹೋದವನಿಗೆ ಆಗುವುದು ಬರಿಯ ನಗೆಪಾಟಲಲ್ಲ. ಕೆಲವೊಮ್ಮೆ ಕಣ್ಣೇ ಹೋಗಬಹುದು.

ಅಮೆರಿಕ, ಕೆನಡಾ, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಬೇಟೆಗಾರರೂ ಗುರಿಕಾರರೂ ತಮ್ಮ ತೋಟಾಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವ ರೂಢಿ ಉಂಟು. ನಮ್ಮಲ್ಲಿ ಹೊಲಿಗೆಯ ಯಂತ್ರಕ್ಕೆ ಮನೆಯ ಒಂದು ಮೂಲೆ ಮೀಸಲಾಗಿರುವಂತೆ, ಅವರ ನೆಲಮಾಳಿಗೆಯಲ್ಲಿ ಈ ಕೆಲಸಕ್ಕೆ ಒಂದು ಮೇಜು ಮೀಸಲು. ತೋಟಾದ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೂರುವ ಕೇಪು, ಒಳಗೆ ತುಂಬಿದ ಮದ್ದು, ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು. ಒಂದು ಸಲ ಹಾರಿಸಿದೊಡನೆ ಕೇಪು, ಮದ್ದು, ಗುಂಡು ಮೂರೂ ಮುಗಿದುಹೋಗುತ್ತವೆ. ಉಳಿಯುವುದು ಕೋಶ. ನಾಲ್ಕರಲ್ಲಿ ಬೆಲೆ ಹೆಚ್ಚಿನದು ಅದೇ. ಆದುದರಿಂದ ಅದನ್ನು ಎಸೆಯದೆ ಮತ್ತೆ ಮತ್ತೆ ಬಳಸುವರು. ಆದರೆ ಹಾರಿದ ಕೋಶ ಹಿಗ್ಗಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ, ಅಂದರೆ ಡೈ ಎಂಬುದರೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಈ ಕೆಲಸದಲ್ಲಿ ಆಗುವ ಒಂದು ತಪ್ಪಿನ ಕಥೆಯೇ ಇಲ್ಲಿನ ವಿಷಯ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾರೂ ತೋಟಾ ತಯಾರಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲವೂ ಇಲ್ಲಿ ಮುಗಿಯಿತು. ಆದರೂ ಈ ಕಥೆ ಕೇಳತಕ್ಕದ್ದು. ಏಕೆಂದರೆ ಅದು ಬಂದೂಕಿನ ಕಥೆಗಿಂತ ಹೆಚ್ಚಾಗಿ ಹಿತ್ತಾಳೆಯ ಕಥೆ, ಅಳತೆಯ ಕಥೆ.

ಪಟ್ಟಿ ಬಂದ ಬಗೆ

ತೋಟಾವನ್ನು ರೈಫಲ್ಲಿನ ಗೂಡಿಗೆ ತಳ್ಳಿದಾಗ ಅದು ಎಲ್ಲಿಯಾದರೂ ಒಂದು ಕಡೆ ನಿಲ್ಲಬೇಕಷ್ಟೆ. ಮುಂದಕ್ಕೆ ಜಾರಿಹೋದರೆ ಸೂಜಿಯ ಪೆಟ್ಟು ಕೇಪಿಗೆ ಸರಿಯಾಗಿ ತಾಗದು. ಹಿಂದೆ ಉಳಿದರೆ ಬೋಲ್ಟ್ ಮುಚ್ಚದು. ಹಳೆಯ ಕಾಲದ ತೋಟಾಗಳಿಗೆ ತಳದಲ್ಲಿ ಒಂದು ಹೊರಚಾಚಿದ ಅಂಚು ಇರುತ್ತಿತ್ತು. ಗಡಿಗೆಯ ತಳ ಸಿಂಬಿಯ ಮೇಲೆ ಕೂರುವಂತೆ, ಆ ಅಂಚು ಗೂಡಿನ ಬಾಯಿಗೆ ತಾಗಿ ನಿಲ್ಲುತ್ತಿತ್ತು. ಬೆಂಗಳೂರಿನ ಹೆಸರಾಂತ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಅವರು ನಮ್ಮ ಕಾಡುಗಳಲ್ಲಿ ಹಿಡಿದು ತಿರುಗಿದ .405 ವಿಂಚೆಸ್ಟರ್ ರೈಫಲ್ಲಿನ ತೋಟಾ ಈ ಅಂಚಿನ ಜಾತಿಯದೇ.

ಒಂದೊಂದಾಗಿ ಕೈಯಿಂದ ತುಂಬುವ ಜೋಡುನಳಿಗೆಯ ಕೋವಿಗೆ ಅಂಚು ಬಲು ಅನುಕೂಲ. ಆದರೆ ನಾಲ್ಕೈದು ತೋಟಾಗಳನ್ನು ಒಂದರ ಮೇಲೊಂದು ಪೇರಿಸಿಡುವ ಬೋಲ್ಟ್ ರೈಫಲ್ಲುಗಳು ಬಂದಾಗ, ಒಂದರ ಅಂಚು ಇನ್ನೊಂದರ ಅಂಚಿಗೆ ಸಿಕ್ಕಿಕೊಳ್ಳುವ ಕಾಟ ಆರಂಭವಾಯಿತು. ಅದಕ್ಕೆ ಅಂಚನ್ನೇ ತೆಗೆದುಹಾಕಿ, ಕೋಶದ ಹೆಗಲೇ ಗೂಡಿನ ಹೆಗಲಿಗೆ ತಾಗಿ ನಿಲ್ಲುವಂತೆ ಮಾಡಿದರು. ಸೀಸೆಗೆ ಒಡಲು, ಹೆಗಲು, ಕತ್ತು ಇರುವಂತೆ ತೋಟಾದ ಕೋಶಕ್ಕೂ ಇವು ಮೂರೂ ಇವೆ. ಹೆಗಲು ಚೂಪಾಗಿ ಮಡಿಸಿದ್ದರೆ ಈ ಉಪಾಯ ಚೆನ್ನಾಗಿಯೇ ನಡೆಯುತ್ತದೆ.

ತೊಡಕು ಬಂದುದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಕೋವಿಯ ಮನೆಗೆ. 1835ರಲ್ಲಿ ಆರಂಭವಾದ ಆ ಮನೆಯ ಗಿರಾಕಿಗಳು ಆಫ್ರಿಕ ಮತ್ತು ಭಾರತದ ಬಿಸಿಲಿನಲ್ಲಿ ದೊಡ್ಡ ಮೃಗಗಳ ಬೆನ್ನುಹತ್ತುವವರು. ಭಾರತದ ಕಾನೂನು ಕೂಡ ಆಗ ಲಂಡನ್ನಿನ ಕಮ್ಮಟಗಳನ್ನು ಕುಣಿಸುತ್ತಿತ್ತು; 1907ರ ಸುಮಾರಿಗೆ .450 ಅಳತೆಯ ರೈಫಲ್ಲುಗಳನ್ನು ಸರ್ಕಾರ ಇಲ್ಲಿ ನಿಷೇಧಿಸಿದಾಗ, ಈ ಮಾರುಕಟ್ಟೆಗೆಂದೇ ಅಲ್ಲಿನವರು ಹೊಸ ಅಳತೆಗಳನ್ನು ಹುಡುಕಬೇಕಾಯಿತು. ಅಂದಿನ ಮದ್ದು ಕಾರ್ಡೈಟ್. ಶಾವಿಗೆಯ ಎಳೆಗಳಂತೆ ಉದ್ದವಾದ ಕಡ್ಡಿಗಳು. ಬಿಸಿಲು ಏರಿದಷ್ಟೂ ಅದರ ಒತ್ತಡ ಏರುತ್ತಿತ್ತು. ಹಾರಿದ ಕೋಶ ಗೂಡಿನಲ್ಲಿ ಕಚ್ಚಿಕೊಂಡು ಕುಳಿತರೆ, ಗಾಯಗೊಂಡ ಕಾಡುಕೋಣದ ಎದುರು ನಿಂತವನ ಗತಿಯೇನು? ಆದುದರಿಂದ ಕೋಶವನ್ನು ತಳದಿಂದ ಬಾಯಿಯವರೆಗೆ ಸಣ್ಣಗಾಗುತ್ತ ಹೋಗುವಂತೆ, ಹೆಗಲು ಇಳಿಜಾರಾಗಿರುವಂತೆ ಮಾಡಿದರು. ಅದು ಸುಲಭವಾಗಿ ಒಳಹೋಗುವುದು, ಸುಲಭವಾಗಿ ಹೊರಬರುವುದು. ಆದರೆ ಇಂಥ ಇಳಿಹೆಗಲಿನ ಕೋಶ ಗೂಡಿನಲ್ಲಿ ಗಟ್ಟಿಯಾಗಿ ಒಂದೇ ಕಡೆ ನಿಲ್ಲುವುದೆಂಬ ಭರವಸೆ ಇರಲಿಲ್ಲ. ಇಳಿಹೆಗಲಿನವರ ಉತ್ತರೀಯದಂತೆ ಅದು ಜಾರಬಹುದಾಗಿತ್ತು.

ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಪಟ್ಟಿ. ಕೋಶದ ತಳದ ಸುತ್ತ ಸುಮಾರು 0.22 ಅಂಗುಲ, ಎಂದರೆ ಐದೂವರೆ ಮಿಲಿಮೀಟರಿನಷ್ಟು ಎತ್ತರದವರೆಗೆ ಹಿತ್ತಾಳೆಯನ್ನು ಕೊಂಚ ಉಬ್ಬಿಸಿ ಉಳಿಸಿದರು. ಹೊರಗೆ ಚಾಚಿಕೊಳ್ಳದ ಕಾರಣ ಒಂದಕ್ಕೊಂದು ಸಿಕ್ಕಿಕೊಳ್ಳದು. ಆದರೆ ಅದರ ಮುಂದಿನ ಅಂಚು ಗೂಡಿನ ಮೆಟ್ಟಿಲಿಗೆ ತಾಗಿ ತೋಟಾ ನಿಲ್ಲುವುದು. 1905ರ ಒಂದು ತೋಟಾದಲ್ಲಿ ಈ ಉಪಾಯವನ್ನು ಮಾಡಿ ನೋಡಿದ ಆ ಮನೆಯವರು, 1912ರಲ್ಲಿ ಹೊರತಂದ .375 ಮ್ಯಾಗ್ನಮ್ ತೋಟಾದಿಂದ ಜಗತ್ಪ್ರಸಿದ್ಧರಾದರು. ಜೋಡುನಳಿಗೆಯ ಕೋವಿಗಳಿಗೆಂದು ಅದರ ಅಂಚುಳ್ಳ ರೂಪವನ್ನೂ ಜೊತೆಯಲ್ಲಿಯೇ ತಂದರು. ಇದರಿಂದಲೇ ಪಟ್ಟಿಯ ಉದ್ದೇಶ ಸ್ಪಷ್ಟವಾಗುತ್ತದೆ. ಅದು ಕೋಶಕ್ಕೆ ಬಲ ಕೊಡಲು ಬಂದುದಲ್ಲ, ಅಂಚಿನ ಬದಲಿಗೆ ಬಂದುದು.

ಬಿರುದಾದ ಪಟ್ಟಿ

1925ರಲ್ಲಿ ಅದೇ ಮನೆಯಿಂದ .300 ಮ್ಯಾಗ್ನಮ್ ಬಂತು. ಹತ್ತು ವರ್ಷಗಳ ಬಳಿಕ, 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ ನಡೆದ 1000 ಗಜಗಳ ವಿಂಬಲ್ಡನ್ ಕಪ್ ಗುರಿಸ್ಪರ್ಧೆಯನ್ನು ಬೆನ್ ಕಂಫರ್ಟ್ ಎಂಬಾತ ಈ ತೋಟಾದಿಂದ ಗೆದ್ದನು. ಅಮೆರಿಕದವರ ಕಣ್ಣು ಪಟ್ಟಿಯ ಮೇಲೆ ಬಿದ್ದುದು ಆಗ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯದ ರಾಯ್ ವೆದರ್ಬಿ ಈ ಕೋಶವನ್ನೇ ತೆಗೆದುಕೊಂಡು, ಅದರ ಸಣಕಲು ಒಡಲನ್ನು ಉಬ್ಬಿಸಿ, ಹೆಚ್ಚು ಮದ್ದು ಹಿಡಿಯುವಂತೆ ಮಾಡಿ, ಅತಿವೇಗದ ತೋಟಾಗಳ ಒಂದು ಸಾಲನ್ನೇ ಹೊರತಂದನು. ಬಳಿಕ ದೊಡ್ಡ ಕಾರ್ಖಾನೆಗಳು ಹಿಂದೆ ಬೀಳಲಿಲ್ಲ. ವಿಂಚೆಸ್ಟರಿನ .458 ಮ್ಯಾಗ್ನಮ್ 1956ರಲ್ಲಿ, .338 ಮ್ಯಾಗ್ನಮ್ 1958ರಲ್ಲಿ, ರೆಮಿಂಗ್ಟನ್ನಿನ 7 ಮಿಲಿಮೀಟರ್ ಮ್ಯಾಗ್ನಮ್ 1962ರಲ್ಲಿ, ಮತ್ತೆ ವಿಂಚೆಸ್ಟರಿನ .300 ಮ್ಯಾಗ್ನಮ್ 1963ರಲ್ಲಿ ಬಂದುವು. ಇವೆಲ್ಲಕ್ಕೂ ಅದೇ ಲಂಡನ್ನಿನ ತಳ, ಅದೇ ಪಟ್ಟಿ.

ಇಲ್ಲಿ ಒಂದು ವಿನೋದವಿದೆ. .458ಕ್ಕೆ ಹೆಗಲೇ ಇಲ್ಲ. ಅದಕ್ಕೆ ಪಟ್ಟಿ ಬೇಕೇ ಬೇಕು. ಆದರೆ ಉಳಿದವುಗಳಿಗೆ ಅಮೆರಿಕದವರು ಚೂಪಾದ, ಗಟ್ಟಿಯಾದ ಹೆಗಲನ್ನು ಕೊಟ್ಟಿದ್ದರು. ಹೆಗಲೊಂದೇ ತೋಟಾವನ್ನು ನಿಲ್ಲಿಸಬಲ್ಲದಾಗಿತ್ತು. ಆದರೂ ಪಟ್ಟಿಯನ್ನು ತೆಗೆಯಲಿಲ್ಲ. ಅಷ್ಟರಲ್ಲಿ ಅದು ‘ಮ್ಯಾಗ್ನಮ್’ ಎಂಬ ಬಿರುದಿನ ಗುರುತಾಗಿತ್ತು. ಮ್ಯಾಗ್ನಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ದೊಡ್ಡದು. ಪಟ್ಟಿಯಿದ್ದರೆ ಕೋಶ ಹೆಚ್ಚು ಗಟ್ಟಿ ಎಂದು ಕೊಳ್ಳುವವರು ನಂಬಿದರು. ಮಾರುವವರು ಆ ನಂಬಿಕೆಯನ್ನು ಕದಡಲು ಹೋಗಲಿಲ್ಲ. ಹೀಗೆ ಕೆಲಸದ ವಸ್ತು ಒಡವೆಯಾಯಿತು.

ಒಡವೆಯಾಗಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ಆದರೆ ಅದು ಇನ್ನೊಂದು ಕೆಡುಕನ್ನು ಮಾಡಿತು. ಪಟ್ಟಿ ತೋಟಾವನ್ನು ನಿಲ್ಲಿಸುತ್ತದೆ ತಾನೆ, ಹೆಗಲಿನ ಅಳತೆ ಕೊಂಚ ಹಿಂದುಮುಂದಾದರೆ ಬಾಧಕವಿಲ್ಲವೆಂದು ತಯಾರಕರು ಅಲ್ಲಿ ಧಾರಾಳತನ ತೋರಿದರು. ರೈಫಲ್ಲಿನ ಗೂಡನ್ನು ಕೊಂಚ ಉದ್ದವಾಗಿ ಕೊರೆಯುವುದು, ಕೋಶದ ಹೆಗಲನ್ನು ಕೊಂಚ ಹಿಂದಿಡುವುದು ವಾಡಿಕೆಯಾಯಿತು. ಯಾವ ತೋಟಾ ಯಾವ ರೈಫಲ್ಲಿಗಾದರೂ ಸೇರಬೇಕೆಂಬುದು ಅವರ ಲೆಕ್ಕ. ಹೀಗಾಗಿ ಹೊಸ ತೋಟಾದ ಹೆಗಲಿಗೂ ಗೂಡಿನ ಹೆಗಲಿಗೂ ನಡುವೆ ಅಂಗುಲದ ಸಾವಿರ ಪಾಲಿನಲ್ಲಿ 15 ಪಾಲು, 20 ಪಾಲು ತೆರಪು ಉಳಿಯುವುದು ಅಪರೂಪವಲ್ಲ. ತಲೆಗೂದಲಿನ ದಪ್ಪ ಅಂಥ ಸುಮಾರು 3 ಪಾಲು. ಐದಾರು ಕೂದಲಿನ ದಪ್ಪದ ಈ ತೆರಪೇ ಎಲ್ಲ ಅನರ್ಥಕ್ಕೂ ಮೂಲ.

ಹಿಗ್ಗುವ ಹಿತ್ತಾಳೆ

ಕೋಶದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಕೇಪು ಸಿಡಿದು ಮದ್ದು ಹೊತ್ತಿದ ಕ್ಷಣದಲ್ಲಿ ಒಳಗಿನ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡುಗಳಷ್ಟಕ್ಕೆ ಏರುತ್ತದೆ. ಒಂದು ಚದರ ಸೆಂಟಿಮೀಟರಿನ ಮೇಲೆ 4 ಟನ್ನು ಭಾರ ಹೇರಿದಂತೆ. ಕೋಶದ ಮುಂಭಾಗ ತೆಳು. ಅದು ಕೂಡಲೆ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅನಿಲ ಹಿಂದಕ್ಕೆ ಬಾರದಂತೆ ತಡೆಯುವುದು ಇದೇ. ಹಿಂಭಾಗದ ತಳ ದಪ್ಪ. ಅದು ಅಂಟಿಕೊಳ್ಳುವುದಿಲ್ಲ. ಹಿಂದೆ ಜಾಗವಿದ್ದರೆ ಒತ್ತಡ ಅದನ್ನು ಬೋಲ್ಟಿನವರೆಗೆ ತಳ್ಳುತ್ತದೆ; ಮುಂದೆ ಜಾಗವಿದ್ದರೆ ಹೆಗಲು ಮುಂದಕ್ಕೆ ಹಾರುತ್ತದೆ. ಯಾವ ರೀತಿಯಲ್ಲಾದರೂ ಕೋಶ ಉದ್ದಕ್ಕೆ ಎಳೆಯಲ್ಪಡುತ್ತದೆ. ಎಳೆತ ತಾಗುವುದು ತೆಳುಗೋಡೆಯೂ ದಪ್ಪ ತಳವೂ ಕೂಡುವ ಸಂಧಿಯಲ್ಲಿ, ಎಂದರೆ ಪಟ್ಟಿಗೆ ತುಸು ಮುಂದೆ.

ಮೊದಲನೆಯ ಸಲ ಎಳೆದಾಗ ಹಿತ್ತಾಳೆ ತಡೆದುಕೊಳ್ಳುತ್ತದೆ. ಈಗ ಕೋಶ ಗೂಡಿನ ಅಚ್ಚಾಗಿಯೇ ಹೊರಬಂದಿರುತ್ತದೆ. ಅದರ ಹೆಗಲು ಗೂಡಿನ ಹೆಗಲಿಗೆ ಒಪ್ಪುತ್ತದೆ. ತೆರಪು ತಾನಾಗಿಯೇ ಮುಚ್ಚಿಹೋಯಿತು. ಅದನ್ನು ಹಾಗೆಯೇ ಉಳಿಸಿಕೊಂಡವನು ಜಾಣ. ಆದರೆ ಮನೆಯಲ್ಲಿ ತೋಟಾ ತುಂಬುವವನು ಮಾಡುವುದೇನು? ಡೈಯ ಜೊತೆಗೆ ಬಂದ ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಕೋಶದ ತಳವನ್ನು ಹಿಡಿಯುವ ಹಿಡಿಗೆ ತಾಗುವವರೆಗೂ ಡೈಯನ್ನು ಕೆಳಕ್ಕೆ ತಿರುಗಿಸಿ. ಅವನು ಹಾಗೆಯೇ ಮಾಡುತ್ತಾನೆ. ಡೈ ಅವನ ರೈಫಲ್ಲನ್ನು ಕಂಡಿಲ್ಲ. ಅದು ಕೋಶವನ್ನು ಕಾರ್ಖಾನೆಯ ಕನಿಷ್ಠ ಅಳತೆಗೆ ಕುಗ್ಗಿಸಿ, ಹೆಗಲನ್ನು ಮತ್ತೆ ಹಿಂದಕ್ಕೆ ತಳ್ಳುತ್ತದೆ. ಮುಚ್ಚಿದ ತೆರಪು ಮತ್ತೆ ತೆರೆಯಿತು. ಮುಂದಿನ ಗುಂಡಿಗೆ ಮತ್ತೆ ಎಳೆತ, ಮತ್ತೆ ಡೈ, ಮತ್ತೆ ಎಳೆತ. ತಗಡಿನ ತುಂಡೊಂದನ್ನು ಒಂದೇ ಗೆರೆಯಲ್ಲಿ ಅತ್ತಿಂದಿತ್ತ ಮಡಿಸುತ್ತಿದ್ದರೆ ಅದು ಎಷ್ಟು ದಿನ ಬಾಳೀತು?

ಮೊಂಟಾನಾದ ಒಂದು ನೆಲಮಾಳಿಗೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಶರತ್ಕಾಲ ಹತ್ತಿರವಾಗಿದೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಸರ್ಕಾರ ಅನುಮತಿ ಕೊಡುವ ಕಾಲ. ಚಳಿಗಾಲದ ಮಾಂಸವನ್ನು ಮನೆಯವರು ಇದರಿಂದಲೇ ಕೂಡಿಸಿಕೊಳ್ಳುತ್ತಾರೆ. ಮನೆಯ ಯಜಮಾನನಲ್ಲಿ ತಂದೆಯ ಕಾಲದ 7 ಮಿಲಿಮೀಟರ್ ಮ್ಯಾಗ್ನಮ್ ರೈಫಲ್ ಇದೆ. ಅವನು ಮೈಗಳ್ಳನಲ್ಲ. ಪ್ರತಿ ಕೋಶವನ್ನೂ ತೊಳೆದು, ಒರೆಸಿ, ಎಣ್ಣೆ ಸವರಿ, ಡೈಗೆ ಹಾಕಿ, ಉದ್ದವನ್ನು ಅಳೆದು, ಬೆಳೆದ ಕತ್ತನ್ನು ಸಮನಾಗಿ ಕತ್ತರಿಸಿ ಸಾಲಾಗಿ ಜೋಡಿಸಿದ್ದಾನೆ. ನಾಲ್ಕನೆಯ ಸಲ ತುಂಬಿದ ತೋಟಾಗಳು ಇವು.

ಗುರಿ ನೋಡಲು ಬಯಲಿಗೆ ಹೋದಾಗ ಮೂರನೆಯ ಗುಂಡಿನ ಸದ್ದು ಎಂದಿನಂತಿರಲಿಲ್ಲ. ಮುಖಕ್ಕೆ ಬಿಸಿಗಾಳಿ ರಪ್ಪನೆ ಹೊಡೆಯಿತು. ಕನ್ನಡಕದ ಗಾಜಿನ ಮೇಲೆ ಮಸಿಯ ಚುಕ್ಕೆಗಳು. ಬೋಲ್ಟನ್ನು ಎಳೆದರೆ ಹೊರಬಂದುದು ಕೋಶದ ತಳ ಮಾತ್ರ, ಪಟ್ಟಿಯ ಸಮೇತ. ಉಳಿದ ಒಡಲು ಗೂಡಿನೊಳಗೇ ಕಚ್ಚಿಕೊಂಡು ಕುಳಿತಿತ್ತು. ಜೊತೆಯಲ್ಲಿ ಬಂದಿದ್ದ ಹನ್ನೆರಡು ವರ್ಷದ ಮಗ ಅಪ್ಪನ ಮುಖವನ್ನೇ ನೋಡುತ್ತ ನಿಂತನು. ಆ ಕನ್ನಡಕವಿಲ್ಲದಿದ್ದರೆ?

ಸಂಜೆ ಅವನು ತುಂಡಾದ ಕೋಶವನ್ನು ಪಕ್ಕದ ಮನೆಯ ವೃದ್ಧನ ಮುಂದಿಟ್ಟನು. ಆ ವೃದ್ಧ ಲೇತ್ ಯಂತ್ರದ ಮುಂದೆ ಜೀವಮಾನ ಕಳೆದವನು.

“ಎಲ್ಲವನ್ನೂ ಚೀಟಿಯಲ್ಲಿರುವಂತೆಯೇ ಮಾಡಿದ್ದೇನೆ. ಹಿತ್ತಾಳೆಯೇ ಕಳಪೆ ಇರಬೇಕು ಅಜ್ಜ.”

“ಹಿತ್ತಾಳೆ ಕಳಪೆಯಲ್ಲಪ್ಪ. ಪ್ರತಿ ಸಲವೂ ಕತ್ತಿನಿಂದ ಕತ್ತರಿಸಿ ತೆಗೆದೆಯಲ್ಲ, ಆ ಹಿತ್ತಾಳೆ ಎಲ್ಲಿಂದ ಬಂತೆಂದು ಕೇಳಿಕೊಂಡೆಯಾ?”

ಅವನಲ್ಲಿ ಉತ್ತರವಿರಲಿಲ್ಲ. ಕೋಶ ತಾನಾಗಿಯೇ ಬೆಳೆಯುವುದಿಲ್ಲ. ಕತ್ತಿನಲ್ಲಿ ಹೆಚ್ಚಾದ ಹಿತ್ತಾಳೆ ಒಡಲಿನ ಗೋಡೆಯಿಂದಲೇ ಹರಿದು ಬಂದುದು. ವೃದ್ಧನು ಒಂದು ಹೊಸ ಕೋಶ, ಒಂದು ಹಾರಿದ ಕೋಶ, ಒಂದು ಡೈಗೆ ಹಾಕಿ ತೆಗೆದ ಕೋಶ, ಮೂರನ್ನೂ ಸಾಲಾಗಿ ನಿಲ್ಲಿಸಿ, ತಳದಿಂದ ಹೆಗಲಿನವರೆಗೆ ಅಳೆದು ತೋರಿಸಿದನು. ಹಾರಿದ ಕೋಶ ಹೊಸದಕ್ಕಿಂತ 20 ಪಾಲು ಉದ್ದ. ಡೈಯಿಂದ ಬಂದುದು ಮತ್ತೆ ಹೊಸದರಷ್ಟೇ ಗಿಡ್ಡ. ಪಟ್ಟಿಯ ಅಳತೆ ಮಾತ್ರ ಮೂರರಲ್ಲಿಯೂ ಒಂದೇ. ಇಷ್ಟು ವರ್ಷ ಅವನು ನಂಬಿದ್ದುದು ಬದಲಾಗದ ಪಟ್ಟಿಯನ್ನು. ಬದಲಾಗುತ್ತಿದ್ದ ಹೆಗಲನ್ನು ಒಮ್ಮೆಯೂ ಅಳೆದಿರಲಿಲ್ಲ.

ಬಳಿಕ ವೃದ್ಧನು ಒಂದು ತೆಳು ತಂತಿಯ ತುದಿಯನ್ನು ಕೊಂಚ ಬಾಗಿಸಿ, ಚೂಪು ಮಾಡಿ, ಉಳಿದ ಕೋಶಗಳ ಒಳಗೆ ಇಳಿಸಿ ಗೋಡೆಯನ್ನು ಸವರುತ್ತ ಬಂದನು. ಪಟ್ಟಿಯ ಮುಂಭಾಗಕ್ಕೆ ಬಂದಾಗ ತಂತಿ ಒಂದು ಸಣ್ಣ ಕಾಲುವೆಗೆ ಬಿದ್ದಂತೆ ತಡೆಯಿತು. ಅಲ್ಲಿ ಗೋಡೆ ತೆಳುವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಕೆಲವಕ್ಕೆ ಹೊರಗಡೆಯೂ ಅದೇ ಜಾಗದಲ್ಲಿ ಒಂದು ಬೆಳ್ಳನೆಯ ಗೆರೆ ಸುತ್ತಲೂ ಕಾಣುತ್ತಿತ್ತು. ಇಪ್ಪತ್ತು ಕೋಶಗಳಲ್ಲಿ ಹದಿಮೂರನ್ನು ಸುತ್ತಿಗೆಯಿಂದ ಚಪ್ಪಟೆಮಾಡಿ ಬುಟ್ಟಿಗೆ ಹಾಕಿದರು. ಬೇರೆಯವರ ಕೈಗೆ ಸಿಕ್ಕಿ ಅವನ್ನು ಮತ್ತೆ ತುಂಬಿಬಿಟ್ಟರೆ ಎಂಬ ಮುನ್ನೆಚ್ಚರಿಕೆ ಅದು.

ಹೆಗಲಿನ ಲೆಕ್ಕ

ಪರಿಹಾರ ಕಷ್ಟದ್ದಲ್ಲ. ತನ್ನ ರೈಫಲ್ಲಿನಲ್ಲಿಯೇ ಹಾರಿದ ಕೋಶವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು; ಡೈಯನ್ನು ಚೀಟಿ ಹೇಳಿದುದಕ್ಕಿಂತ ಮೇಲಕ್ಕೆ ತಿರುಗಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತ ಬರುವುದು; ಪ್ರತಿ ಸಲವೂ ಹೆಗಲನ್ನು ಅಳೆಯುವುದು. ಹಾರಿದ ಅಳತೆಗಿಂತ 1 ಅಥವಾ 2 ಪಾಲು ಮಾತ್ರ ಹೆಗಲು ಹಿಂದೆ ಸರಿದು, ಬೋಲ್ಟ್ ಸಲೀಸಾಗಿ ಮುಚ್ಚಿದರೆ ಅಲ್ಲಿಗೆ ನಿಲ್ಲಿಸಿ ಡೈಯನ್ನು ಬಿಗಿಯುವುದು. ಆಗ ತೋಟಾ ನಿಲ್ಲುವುದು ಹೆಗಲಿನ ಮೇಲೆ. ಪಟ್ಟಿ ಇದ್ದೂ ಇಲ್ಲದಂತೆ. ನಾಲ್ಕು ಸಲಕ್ಕೆ ಹರಿಯುತ್ತಿದ್ದ ಕೋಶ ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಬಾಳುತ್ತದೆ.

ಡೈಯನ್ನು ಇಳಿಸುತ್ತ ಬರುವಾಗ ಹೊಸಬರನ್ನು ಕಂಗೆಡಿಸುವ ಒಂದು ವಿಚಿತ್ರ ಉಂಟು. ಮೊದಲಿಗೆ ಹೆಗಲು ಹಿಂದೆ ಹೋಗುವ ಬದಲು ಮುಂದಕ್ಕೇ ಬರುತ್ತದೆ. ಇದರಲ್ಲಿ ಮಾಯವೇನೂ ಇಲ್ಲ. ಚಕ್ಕುಲಿಯ ಒರಳನ್ನು ಒತ್ತಿದರೆ ಹಿಟ್ಟು ಮುಂದಕ್ಕೆ ಬರುವಂತೆ, ಡೈಯ ಗೋಡೆ ಒಡಲನ್ನು ಸುತ್ತಲೂ ಹಿಸುಕಿದಾಗ ಹಿತ್ತಾಳೆ ಉದ್ದಕ್ಕೆ ಹರಿಯುತ್ತದೆ. ಡೈಯ ಹೆಗಲು ಕೋಶದ ಹೆಗಲನ್ನು ಮುಟ್ಟಿದ ಬಳಿಕವೇ ಅದು ಹಿಂದಕ್ಕೆ ಸರಿಯುವುದು. ಈ ನಡುವಿನ ಸ್ಥಿತಿಯಲ್ಲಿ ಬೋಲ್ಟ್ ಬಿಗಿಯಾಗುವುದನ್ನು ಕಂಡು ಗಾಬರಿಯಾದವರು ಡೈಯನ್ನು ಒಂದೇ ಏಟಿಗೆ ಕೊನೆಯವರೆಗೆ ಇಳಿಸಿಬಿಡುತ್ತಾರೆ. ತಾಳ್ಮೆಯಿಲ್ಲದವರ ಕೆಲಸ ಅದಲ್ಲ.

ಇನ್ನೊಂದು ತೊಡಕು ಪಟ್ಟಿಯದೇ ಕೊಡುಗೆ. ಪಟ್ಟಿ ಅಡ್ಡ ಬರುವುದರಿಂದ ಡೈ ಅದರ ಅತಿ ಸಮೀಪದ ಹಿತ್ತಾಳೆಯನ್ನು ಹಿಸುಕಲಾರದು. ಉಂಗುರದ ಪಕ್ಕದಲ್ಲಿ ಬೆರಳು ಊದಿಕೊಂಡಂತೆ, ಹಲವು ಸಲ ಹಾರಿದ ಕೋಶ ಪಟ್ಟಿಯ ಮುಂದೆ ಕೊಂಚ ಉಬ್ಬುತ್ತದೆ. ತೋಟಾ ಗೂಡಿಗೆ ಬಿಗಿಯಾಗಿ ಹೋಗುತ್ತದೆ. ಬಿಗಿ ಎಲ್ಲಿದೆಯೆಂದು ನೋಡದೆ, ಹೆಗಲನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದರೆ ಹಳೆಯ ಅನರ್ಥವೇ ಮರುಕಳಿಸುತ್ತದೆ. ತಲೆನೋವಿಗೆ ಕಾಲಿಗೆ ಪಟ್ಟು ಹಾಕಿದ ಹಾಗೆ. ಕೋಶಕ್ಕೆ ದೀಪದ ಮಸಿ ಹಿಡಿಸಿ ಗೂಡಿಗೆ ಸೇರಿಸಿ ತೆಗೆದರೆ, ಮಸಿ ಅಳಿಸಿದ ಕಡೆಯೇ ರೋಗದ ಸ್ಥಾನವನ್ನು ಹೇಳುತ್ತದೆ. ಉಬ್ಬು ಪಟ್ಟಿಯ ಬಳಿಯಲ್ಲಿದ್ದರೆ, ಸೀಳುಗಳಿರುವ ಬಳೆಯಂತೆ ಸುತ್ತಲೂ ಅಮುಕಿ ಹಿಡಿಯುವ ಕಾಲೆಟ್ ಡೈ ಎಂಬ ಬೇರೊಂದು ಸಾಧನದಿಂದ ಅದೊಂದು ಭಾಗವನ್ನೇ ತಗ್ಗಿಸುವರು.

ಹಿತ್ತಾಳೆಗೆ ನೆನಪು ಉಂಟೆಂದು ಕಂಚುಗಾರರ ಕೇರಿಯಲ್ಲಿ ಆಡಿದವರಿಗೆ ಹೇಳಬೇಕಾಗಿಲ್ಲ. ಬಡಿದಷ್ಟೂ ಅದು ಗಡುಸಾಗುತ್ತದೆ. ಬೆಂಕಿ ಕಂಡರೆ ಮೆದುವಾಗುತ್ತದೆ. ಕೋಶದ ಕತ್ತು ಪ್ರತಿ ಸಲವೂ ಹಿಗ್ಗಿ ಕುಗ್ಗಿ ಗಡುಸಾಗಿ ಸೀಳುವುದುಂಟು. ಅದಕ್ಕೆ ಕತ್ತು ಮತ್ತು ಹೆಗಲನ್ನು ಮಾತ್ರ ಕ್ಷಣಕಾಲ ಜ್ವಾಲೆಗೆ ಹಿಡಿದು ಹದಗೊಳಿಸುವರು. ತಳಕ್ಕೆ ಮಾತ್ರ ಬಿಸಿ ತಾಗಕೂಡದು. ಒತ್ತಡವನ್ನೆಲ್ಲ ಹೊರಬೇಕಾದ ತಳ ಮೆದುವಾದರೆ ಕೆಟ್ಟಿತು.

ಈ ಪಾಠವನ್ನು ಲೋಕಕ್ಕೆ ಕಲಿಸುವುದರಲ್ಲಿ ನಮ್ಮ ಮಳೆಗಾಲದ ಪಾಲೂ ಇದೆ. ಬ್ರಿಟಿಷರ ಸೈನ್ಯ ಭಾರತದಲ್ಲಿದ್ದಾಗ ಮಳೆಗಾಲದ ತಿಂಗಳುಗಳಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡುವ ರೂಢಿಯಿತ್ತು. ಮಳೆ ನಿಂತ ಬಳಿಕ ತೆಗೆದು ನೋಡಿದರೆ ಎಷ್ಟೋ ಕೋಶಗಳು ಯಾರೂ ಮುಟ್ಟದೆ ಬಿರಿದಿರುತ್ತಿದ್ದುವು, ಅದರಲ್ಲಿಯೂ ಗುಂಡನ್ನು ಕಚ್ಚಿದ ಕತ್ತಿನ ಬಳಿಯಲ್ಲಿ. ಋತುವಿನ ಬಿರುಕು ಎಂದು ಅದಕ್ಕೆ ಹೆಸರಿಟ್ಟರು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಸಂಶೋಧಕರು ಗುಟ್ಟನ್ನು ಬಯಲಿಗೆಳೆದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯವೂ, ತಣ್ಣಗೆ ಎಳೆದು ಮಾಡಿದ ಹಿತ್ತಾಳೆಯಲ್ಲಿ ಅಡಗಿದ ಬಿಗುವೂ ಕೂಡಿ ಲೋಹವನ್ನು ಸೀಳುತ್ತಿದ್ದುವು. ಬಿಸಿ ತಾಗಿಸಿ ಆ ಬಿಗುವನ್ನು ಇಳಿಸಿದರೆ ಬಿರುಕು ತಪ್ಪುವುದೆಂದೂ ತಿಳಿಯಿತು. ಮನೆಯಲ್ಲಿ ಕೋಶಗಳನ್ನು ಪಾಲಿಶ್ ಮಾಡುವವರು ಅಮೋನಿಯ ಬೆರೆತ ದ್ರಾವಣಗಳನ್ನು ಇಂದಿಗೂ ದೂರವಿಡುವುದು ಈ ಕಾರಣದಿಂದ.

ಬಿಟ್ಟುಹೋದ ಪಟ್ಟಿ

ಅಂತೂ ಕಾರ್ಖಾನೆಗಳಿಗೂ ಬುದ್ಧಿ ಬಂತೆನ್ನಬೇಕು. 1999ರಲ್ಲಿ ರೆಮಿಂಗ್ಟನ್ ಹೊರತಂದ .300 ಅಲ್ಟ್ರಾ ಮ್ಯಾಗ್ನಮ್ ತೋಟಾಕ್ಕೆ ಪಟ್ಟಿಯಿರಲಿಲ್ಲ. ಬಳಿಕ ಬಂದ ವಿಂಚೆಸ್ಟರಿನ ಗಿಡ್ಡ ಮ್ಯಾಗ್ನಮ್‌ಗಳಿಗೂ ಇಲ್ಲ. ಹೆಗಲೊಂದನ್ನೇ ನಂಬಿ ಅವು ನಿಲ್ಲುತ್ತವೆ. ಆದರೆ ಅದಕ್ಕೆ ಹಿಂದಿನ ಎಂಬತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಮಾರಾಟವಾದ ಪಟ್ಟಿಯ ರೈಫಲ್ಲುಗಳು ಅಟ್ಟಗಳ ಮೇಲೆ, ಬೀರುಗಳ ಒಳಗೆ ಹಾಗೆಯೇ ಇವೆ. ಪಟ್ಟಿಯ ತೋಟಾಗಳು ಇಂದಿಗೂ ತಯಾರಾಗುತ್ತವೆ. ತಂದೆಯ ರೈಫಲ್ಲು ಮಗನಿಗೆ ಬರುವಾಗ ಅದರೊಡನೆ ಡೈಯೂ, ಡೈಯೊಡನೆ ಆ ಚೀಟಿಯೂ ಬರುತ್ತದೆ.

ಮೊಂಟಾನಾದ ಆ ಮನೆಯಲ್ಲಿ ಈಗ ಚೀಟಿಯ ಪಕ್ಕದಲ್ಲಿ ಇನ್ನೊಂದು ಕಾಗದ ಅಂಟಿಸಿದೆ. ಹಾರಿದ ಕೋಶದ ಹೆಗಲಿನ ಅಳತೆ ಅದರಲ್ಲಿ ಬರೆದಿದೆ. ಬರೆದವನು ಹನ್ನೆರಡು ವರ್ಷದ ಮಗ. ಅಂದು ಬಯಲಿನಲ್ಲಿ ಅಪ್ಪನ ಮುಖವನ್ನೇ ನೋಡುತ್ತ ನಿಂತವನು. ಡೈಯನ್ನು ಬಿಗಿಯುವ ಮೊದಲು ಆ ಕಾಗದವನ್ನು ಅವನು ಗಟ್ಟಿಯಾಗಿ ಓದುತ್ತಾನೆ. ತಂದೆ ಕನ್ನಡಕ ಹಾಕಿಕೊಂಡು ಅಳೆಯುತ್ತಾನೆ. ಪಟ್ಟಿಯ ಮಾತನ್ನು ಇಬ್ಬರೂ ಎತ್ತುವುದಿಲ್ಲ.